ಓದುಗರ ಪ್ರಶ್ನೆ: ಹೊಳೆಯ ಮೊಸಳೆ, ಕಬ್ಬಿನ ಚಿರತೆ, ಹೊಲದ ಕೊಳಕುಮಂಡಲ

ಪ್ರಶ್ನೆ: ಬೇಸಿಗೆಯಲ್ಲಿ ಕೃಷ್ಣೆಯ ನೀರು ಇಳಿದಂತೆಲ್ಲ ಪಂಪಿನ ಫುಟ್‌ವಾಲ್ವ್ (ನೀರೆಳೆಯುವ ಪೈಪಿನ ತುದಿಯ ಕವಾಟ) ಸರಿಸಲು ಹೊಳೆಗೆ ಇಳಿಯಲೇಬೇಕು. ಅಷ್ಟು ದೊಡ್ಡ ಮೊಸಳೆ ಮೈಮೇಲೆ ಬರುವವರೆಗೂ ಕಾಣುವುದಿಲ್ಲವೇಕೆ? ಹಿಡಿದರೆ ಬಿಡಿಸಿಕೊಳ್ಳಬಹುದೇ?
(ಓದುಗರು, ಜಮಖಂಡಿ ತಾಲ್ಲೂಕು)

ಉತ್ತರ: ಮೊಸಳೆಯ ಕಣ್ಣು, ಕಿವಿ, ಮೂಗಿನ ಹೊಳ್ಳೆ ಮೂರೂ ತಲೆಯ ಮೇಲ್ಭಾಗದಲ್ಲಿವೆ. ಮೈಯೆಲ್ಲ ಮುಳುಗಿಸಿ ಅಷ್ಟನ್ನೇ ಮೇಲಿಟ್ಟು ನೋಡುತ್ತ, ಕೇಳುತ್ತ, ಉಸಿರಾಡುತ್ತ ಇರಬಲ್ಲದು. ದವಡೆಯ ಚರ್ಮದ ಮೇಲಿರುವ ಸಣ್ಣ ಕಪ್ಪು ಚುಕ್ಕೆಗಳು ನೀರಿನ ಅಲುಗಾಟವನ್ನು ಹಿಡಿಯುತ್ತವೆ. ನೀವು ಮೊಣಕಾಲುದ್ದ ನೀರಿನಲ್ಲಿ ನಿಂತು ವಾಲ್ವಿನ ಜಾಳಿಗೆಗೆ ಸಿಕ್ಕ ಪಾಚಿ ಕೀಳುತ್ತಿದ್ದರೆ ಕತ್ತಲಲ್ಲೂ ಅದಕ್ಕೆ ಗೊತ್ತಾಗುತ್ತದೆ. ಗಂಟಲಲ್ಲಿ ಒಂದು ಪರದೆಯಿದೆ. ನೀರೊಳಗೆ ಬಾಯಿ ತೆರೆದರೂ ಶ್ವಾಸನಾಳಕ್ಕೆ ನೀರು ನುಗ್ಗದು. ಹಲ್ಲು ಇರುವುದು ಅಗಿಯಲಿಕ್ಕಲ್ಲ, ಹಿಡಿಯಲಿಕ್ಕೆ. ಆದ್ದರಿಂದಲೇ ಅದು ಬೇಟೆಯನ್ನು ಒಳಗೆಳೆದು ಮುಳುಗಿಸುತ್ತದೆ.

ಆದರೆ ಬೆನ್ನಟ್ಟಿ ಬೇಟೆಯಾಡುವ ದಮ್ಮು ಮೊಸಳೆಗಿಲ್ಲ. ಅದರ ಬಲವೆಲ್ಲ ಮೊದಲ ನೆಗೆತದಲ್ಲಿದೆ. ಹೀಗಾಗಿ ನೀರಿನಂಚಿನಿಂದ ನಾಲ್ಕೈದು ಮೀಟರ್ ದೂರವೇ ನಿಮ್ಮ ನಿಜವಾದ ರಕ್ಷಣೆ. ಫುಟ್‌ವಾಲ್ವನ್ನು ಗಾಳಿ ತುಂಬಿದ ಟ್ಯೂಬಿಗೋ ಮುಚ್ಚಿದ ಖಾಲಿ ಡ್ರಮ್ಮಿಗೋ ಕಟ್ಟಿ, ನೀರಿನ ಮಟ್ಟದಿಂದ ಎರಡಡಿ ಕೆಳಗೆ ತೂಗುವಂತೆ ಬಿಡಿ. ಸಕ್ಷನ್ ಪೈಪು ಬಾಗುವಂಥದ್ದಿರಲಿ. ಡ್ರಮ್ಮಿಗೆ ಹಗ್ಗ ಬಿಗಿದು ಇನ್ನೊಂದು ತುದಿಯನ್ನು ದಂಡೆಯ ಗೂಟಕ್ಕೆ ಕಟ್ಟಿದರೆ, ಪಾಚಿ ತೆಗೆಯುವಾಗ ದಡಕ್ಕೇ ಎಳೆದುಕೊಳ್ಳಬಹುದು. ಇಳಿಯಲೇಬೇಕಾದರೆ ನಡುಹಗಲಲ್ಲಿ, ಜೊತೆಗೊಬ್ಬರು ದಡದಲ್ಲಿ ನಿಂತು ನೀರನ್ನೇ ನೋಡುತ್ತಿರಬೇಕು. ದಿನವೂ ಅದೇ ಹೊತ್ತಿಗೆ ಅದೇ ಜಾಗದಲ್ಲಿ ಅಂಚಿಗೆ ಕುಕ್ಕರಗಾಲಲ್ಲಿ ಕೂತು ಬಟ್ಟೆ ಒಗೆಯುವುದು, ಪಾತ್ರೆ ತೊಳೆಯುವುದು ಬಹಳ ಅಪಾಯ. ಕೋಳಿ ಅಂಗಡಿಯ ಕಸ, ಸತ್ತ ದನ ಹೊಳೆಗೆ ಹಾಕುವುದಂತೂ ಮೊಸಳೆಯನ್ನು ನಾವೇ ಊರ ಘಾಟಿಗೆ ಕರೆದಂತೆ. ಇದನ್ನು ಪಂಚಾಯ್ತಿಯವರು ಗಟ್ಟಿಯಾಗಿ ತಡೆಯಲೇಬೇಕು.

ಬೇಸಿಗೆಯಲ್ಲಿ ಅಪಾಯ ಹೆಚ್ಚಲು ಎರಡು ಕಾರಣ. ನೀರು ಮಡುಗಳಿಗೆ ಇಳಿದಾಗ ಮೊಸಳೆಗಳೂ ಅಲ್ಲೇ ಸೇರುತ್ತವೆ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹೆಣ್ಣು ದಂಡೆಯ ಮಣ್ಣಲ್ಲಿ ಗುಂಡಿ ತೋಡಿ ಸುಮಾರು 25–30 ಮೊಟ್ಟೆ ಇಟ್ಟು ಕಾಯುತ್ತದೆ. ದಂಡೆಯಲ್ಲಿ ಬಾಯಿ ತೆರೆದು ಮಲಗಿದ ಮೊಸಳೆ ಸಿಟ್ಟಿಗೆದ್ದಿದೆ ಎಂದುಕೊಳ್ಳಬೇಡಿ, ಅದು ಮೈಕಾವು ಸರಿಮಾಡಿಕೊಳ್ಳುವ ರೀತಿ. ದಂಡೆ ಖಾಲಿ ಕಂಡಾಗಲೇ ಹೆಚ್ಚು ಎಚ್ಚರ ಬೇಕು.

ಹಿಡಿದರೆ ಸುಮ್ಮನೆ ಎಳೆದಾಡಬೇಡಿ. ಕಣ್ಣಿಗೆ ಬಲವಾಗಿ ತಿವಿಯಿರಿ, ಮೂತಿಯ ತುದಿಗೆ ಹೊಡೆಯಿರಿ. ಬಾಯೊಳಗೆ ಕೈ ಸಿಕ್ಕಿದ್ದರೆ ಆ ಗಂಟಲ ಪರದೆಯನ್ನು ತಳ್ಳಬೇಕು. ಗಂಟಲಿಗೆ ನೀರು ನುಗ್ಗಿದರೆ ಹಿಡಿತ ಸಡಿಲಿಸುವ ಸಾಧ್ಯತೆ ಇದೆ. ಪಾರಾದ ಮೇಲೆ ಗಾಯ ಸಣ್ಣದಿದ್ದರೂ ಸೋಪು ನೀರಲ್ಲಿ ಚೆನ್ನಾಗಿ ತೊಳೆದು ಆಸ್ಪತ್ರೆಗೆ ಹೋಗಿ. ಅದರ ಹಲ್ಲಿನ ಗಾಯ ಬೇಗ ಕೀವಾಗುತ್ತದೆ.

ಪ್ರಶ್ನೆ: ಕಬ್ಬು ಕಡಿಯುವಾಗ ಚಿರತೆ ಮರಿ ಸಿಕ್ಕರೆ ಏನು ಮಾಡಬೇಕು?
(ಓದುಗರು, ಬೆಳಗಾವಿ ಜಿಲ್ಲೆ)

ಉತ್ತರ: ಮುಟ್ಟಬೇಡಿ, ಫೋಟೊ ತೆಗೆಯಲು ಗುಂಪು ಸೇರಬೇಡಿ. ಆ ಪಟ್ಟಿಯ ಕಡಿತ ನಿಲ್ಲಿಸಿ, ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ. ಮರಿ ಅಲ್ಲೇ ಇದ್ದರೆ ತಾಯಿ ಸಾಮಾನ್ಯವಾಗಿ ರಾತ್ರಿ ಬಂದು ಒಯ್ಯುತ್ತದೆ. ಮರಿಯನ್ನು ಊರಿಗೆ ತಂದರೆ ತಾಯಿ ಹುಡುಕುತ್ತ ಆ ಹೊಲದಲ್ಲೇ ಸುತ್ತುತ್ತದೆ, ಆಗ ಕಬ್ಬಿನ ಗ್ಯಾಂಗಿಗೇ ಅಪಾಯ.

ಚಿರತೆ ಅಡಗುವುದರಲ್ಲಿ ಬಲು ಗಟ್ಟಿಗ. 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದ ಸುತ್ತ ಆನೆ ತರಿಸಿ ಹುಡುಕಿದರೂ ಅದು ಕೈಗೆ ಸಿಗಲಿಲ್ಲ. ರಾತ್ರಿ ಕರೆಂಟು ಬಂದಾಗ ನೀರು ಹಾಯಿಸಲು ಹೋಗುವವರು ಬ್ಯಾಟರಿ ಹಿಡಿದು, ಮಾತಾಡುತ್ತಲೋ ಮೊಬೈಲಲ್ಲಿ ಹಾಡು ಹಚ್ಚಿಯೋ ನಡೆಯಿರಿ. ಎದುರಾದರೆ ಓಡಬೇಡಿ, ಬಗ್ಗಬೇಡಿ. ಕೈ ಎತ್ತಿ, ಗದರುತ್ತ, ಹಿಂದೆ ಹಿಂದೆ ಸರಿಯಿರಿ.

ಪ್ರಶ್ನೆ: ದ್ರಾಕ್ಷಿ ತೋಟದಲ್ಲಿ ಕೊಳಕುಮಂಡಲ ಕಚ್ಚಿದರೆ?
(ಓದುಗರು, ವಿಜಯಪುರ)

ಉತ್ತರ: ಕುಕ್ಕರಿನ ಉಗಿಯಂತೆ ಬುಸುಗುಟ್ಟುವ ಈ ಹಾವು ಸರಿದು ಹೋಗುವ ಬದಲು ಬಿದ್ದಲ್ಲೇ ಇರುತ್ತದೆ, ತುಳಿದವರನ್ನು ಕಚ್ಚುತ್ತದೆ. ಇದರ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡಿ ಮೂತ್ರಪಿಂಡ ಕೆಡಿಸುತ್ತದೆ. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಹೀರುವುದು ಬೇಡವೇ ಬೇಡ. ಕಾಲು ಊದುವ ಮೊದಲೇ ಕಾಲುಂಗುರ, ಕಾಲ್ಗೆಜ್ಜೆ ತೆಗೆಯಿರಿ. ಕಾಲಿಗೆ ಮರದ ಪಟ್ಟಿಯ ಆಸರೆ ಕೊಟ್ಟು ಅಲುಗದಂತೆ ಮಾಡಿ, ರೋಗಿಯನ್ನು ನಡೆಸದೆ 108ರಲ್ಲಿ ಕರೆದೊಯ್ಯಿರಿ. ಆಸ್ಪತ್ರೆಯಲ್ಲಿ 2 ಮಿ.ಲೀ. ರಕ್ತವನ್ನು ಒಣ ಗಾಜಿನ ನಳಿಕೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು ನೋಡುತ್ತಾರೆ. ಹೆಪ್ಪುಗಟ್ಟದಿದ್ದರೆ ವಿಷ ಏರಿದೆ ಎಂದರ್ಥ, ಪ್ರತಿವಿಷ ಶುರು ಮಾಡುತ್ತಾರೆ. ಸಾಮಾನ್ಯವಾಗಿ ಮೊದಲ ಸುತ್ತಿಗೆ 8–10 ವಯಲ್ (ಔಷಧದ ಸಣ್ಣ ಶೀಶೆ). ಮಕ್ಕಳಿಗೂ ಅಷ್ಟೇ ಕೊಡುತ್ತಾರೆ, ಏಕೆಂದರೆ ಹಾವು ಮಗುವೆಂದು ವಿಷ ಕಡಿಮೆ ಬಿಡುವುದಿಲ್ಲ.