ಸಂಪಾದಕರ ಉತ್ತರ: ವಿಲೀನದ ಕಾಗದದಲ್ಲಿ ನೀವೆಲ್ಲಿದ್ದೀರಿ?

ಬೆಂಗಳೂರಿನ ಖಾಸಗಿ ಎಫ್‌ಎಂ ಕೇಂದ್ರವೊಂದರಲ್ಲಿ ಪ್ರೊಡ್ಯೂಸರ್ ಆಗಿರುವ ಓದುಗರೊಬ್ಬರು ಬರೆದಿದ್ದಾರೆ: ‘ನಮ್ಮ ಕಂಪನಿ ಮುಂಬೈಯ ದೊಡ್ಡ ಜಾಲವೊಂದರಲ್ಲಿ ವಿಲೀನವಾಗುವ ಮಾತು ನಡೆದಿದೆ. ಮೀಟಿಂಗ್ ಕರೆದು, ಏನೂ ಬದಲಾಗುವುದಿಲ್ಲ ಎಂದರು. ಆದರೆ ಬೆಳಗಿನ ಶೋ ಬಿಟ್ಟು ಉಳಿದದ್ದೆಲ್ಲ ಅಲ್ಲಿಂದಲೇ ಬರುತ್ತದಂತೆ. ಕಾಲಕ್ಕೆ ತಕ್ಕ ಹಾಗೆ ಹೊಂದಿಕೊಳ್ಳಬೇಕು ಅನ್ನುತ್ತಾರೆ ಜೊತೆಯವರು. ನಮ್ಮಂಥವರ ಮಾತು ಯಾರು ಕೇಳುತ್ತಾರೆ?’

ಈ ಕಡೆಯ ಪ್ರಶ್ನೆ ನನಗೆ ಹಿಡಿಸಲಿಲ್ಲ. ಊರಿಗೆಲ್ಲ ಕೇಳುವ ಮಾತನ್ನು ಸಿದ್ಧಮಾಡುವವರು ನೀವು. ನಿಮ್ಮ ಮಾತಿಗೆ ಬೆಲೆಯಿಲ್ಲ ಎಂದು ನೀವೇ ತೀರ್ಮಾನಿಸಿಬಿಟ್ಟರೆ ಹೇಗೆ?

ಮಾಲೀಕರಿಗೂ ಕಷ್ಟವಿದೆ, ಒಪ್ಪೋಣ. ಕೊರೊನಾ ಕಾಲದಲ್ಲಿ ಜಾಹೀರಾತು ನೆಲಕಚ್ಚಿತು, ಕೇಳುಗರನ್ನು ಮೊಬೈಲಿನ ಹಾಡಿನ ಆ್ಯಪ್‌ಗಳು ಸೆಳೆದುಕೊಂಡವು, ಆದಾಯ ಬರಲಿ ಬಿಡಲಿ ಪರವಾನಗಿ ಶುಲ್ಕ ಕಟ್ಟಲೇಬೇಕು.

ಆದರೂ ರೇಡಿಯೊ ಅಂದರೆ ಟವರ್ ಮತ್ತು ತರಂಗಾಂತರವಷ್ಟೇ ಅಲ್ಲ. 1935ರಲ್ಲಿ ಮೈಸೂರಿನ ಮನಃಶಾಸ್ತ್ರದ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ಕೇಂದ್ರ ಕಟ್ಟಿದ್ದು ತಮ್ಮ ಊರಿನವರಿಗಾಗಿ. ದೇಶದ ಮೊದಲ ಖಾಸಗಿ ಎಫ್‌ಎಂ 2001ರ ಜುಲೈನಲ್ಲಿ ಶುರುವಾದದ್ದೂ ಬೆಂಗಳೂರಿನಲ್ಲೇ. ಹಿಂದೊಮ್ಮೆ ಸಂದರ್ಶನಕ್ಕೆಂದು ಒಂದು ಸ್ಟುಡಿಯೊಗೆ ಹೋಗಿದ್ದೆ. ಹಾಡು ಮುಗಿಯುವ ಹೊತ್ತಿಗೆ ಆಟೊ ಚಾಲಕರೊಬ್ಬರ ಫೋನ್ ಬಂತು: ಹೆಬ್ಬಾಳ ಫ್ಲೈಓವರ್ ಮೇಲೆ ಟ್ಯಾಂಕರ್ ಕೆಟ್ಟು ನಿಂತಿದೆ. ಪ್ರೊಡ್ಯೂಸರ್ ಹುಡುಗಿ ಇನ್ನೊಂದು ಕಡೆ ವಿಚಾರಿಸಿ ಹೆಬ್ಬೆರಳೆತ್ತಿದಳು. ಆರ್‌ಜೆ ಸ್ಕ್ರಿಪ್ಟ್ ಪಕ್ಕಕ್ಕಿಟ್ಟು, ಮೈಕಿನ ದನಿ ಏರಿಸುವ ಫೇಡರ್ ಎತ್ತಿ, ‘ಏರ್‌ಪೋರ್ಟ್ ಕಡೆಯಿಂದ ಬರ್ತಿರೋರೇ, ಕೊಡಿಗೇಹಳ್ಳಿ ಗೇಟ್ ಹತ್ರಾನೇ ಗಾಡಿ ನಿಧಾನ ಆಗ್ತಿದೆ, ನೋಡ್ಕೊಂಡು ಬನ್ನಿ’ ಎಂದರು. ಮುಂಬೈಯಲ್ಲಿ ನಿನ್ನೆಯೇ ರೆಕಾರ್ಡ್ ಮಾಡಿಟ್ಟ ಲಿಂಕ್, ಅಂದರೆ ಹಾಡುಗಳ ನಡುವಿನ ಮಾತು, ಇದನ್ನು ಹೇಳೀತೇ? 2022ರ ಸೆಪ್ಟೆಂಬರ್‌ನಲ್ಲಿ ಬೆಳ್ಳಂದೂರು, ಹೊರವರ್ತುಲ ರಸ್ತೆ ಮುಳುಗಿದಂಥ ದಿನ ಮತ್ತೆ ಬಂದರೆ?

ಒಂದೇ ಕಂಪನಿಯ ಕೇಂದ್ರಗಳು ದೇಶದುದ್ದಕ್ಕೂ ಕಾರ್ಯಕ್ರಮ ಹಂಚಿಕೊಳ್ಳಬಹುದು ಎಂದು ಖಾಸಗಿ ಎಫ್‌ಎಂ ಬಗ್ಗೆ ಕೇಂದ್ರ ಸರ್ಕಾರ 2011ರಲ್ಲಿ ತಂದ ಮೂರನೇ ಹಂತದ ನೀತಿಯೇ ಬಾಗಿಲು ತೆರೆದಿದೆ. ಒಂದು ಊರಿನ ಚಾನೆಲ್‌ಗಳಲ್ಲಿ 40%ಕ್ಕಿಂತ ಹೆಚ್ಚು ಒಬ್ಬರ ಕೈಗೆ ಹೋಗಬಾರದು ಎಂಬ ನಿಯಮವೇನೋ ಉಂಟು. ಆದರೆ ಅದು ಚಾನೆಲ್ ಎಣಿಸುತ್ತದೆಯೇ ಹೊರತು ಒಳಗೆ ಎಷ್ಟು ಜನ ಉಳಿದರು ಎಂದು ಕೇಳುವುದಿಲ್ಲ. ಅಮೆರಿಕ 1996ರಲ್ಲಿ ಇಂಥ ಮಿತಿಗಳನ್ನು ಸಡಿಲಿಸಿತು. 2002ರ ಜನವರಿಯಲ್ಲಿ ಅಲ್ಲಿಯ ಮೈನಾಟ್ ಎಂಬ ಊರಿನ ಬಳಿ ರೈಲು ಹಳಿ ತಪ್ಪಿ ಅಮೋನಿಯ ಎಂಬ ವಿಷಾನಿಲ ಸೋರಿದ ರಾತ್ರಿ, ಅಲ್ಲಿನ ಆರು ವಾಣಿಜ್ಯ ಕೇಂದ್ರಗಳೂ ಒಂದೇ ಕಂಪನಿಯವು. ಜನರಿಗೆ ಎಚ್ಚರಿಕೆ ಕೊಡಿಸಲು ಪೊಲೀಸರು ಫೋನ್ ಮಾಡಿದರೆ ಕೇಂದ್ರದವರು ಸಿಗಲಿಲ್ಲ.

ರೇಡಿಯೊ ಒಂದರ ಕಥೆಯಲ್ಲ ಇದು. 1913ರ ಮೈಸೂರು ಬ್ಯಾಂಕ್ 2017ರಲ್ಲಿ, ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ, ಉಡುಪಿಯ ಕಾರ್ಪೊರೇಷನ್ ಬ್ಯಾಂಕ್ 2020ರಲ್ಲಿ ಹೊರಗಿನ ಬ್ಯಾಂಕುಗಳಲ್ಲಿ ಕರಗಿದವು. ಇಂದು ಪಾಸ್‌ಬುಕ್ ಹಿಡಿದು ಕೌಂಟರಿಗೆ ಬಂದ ಹಿರಿಯರು ಕನ್ನಡದಲ್ಲಿ ಕೇಳಿದರೆ ಹಿಂದಿಯಲ್ಲಿ ಉತ್ತರ ಬರುವುದನ್ನು ಬೆಂಗಳೂರಿನಲ್ಲಿ ಯಾರು ನೋಡಿಲ್ಲ ಹೇಳಿ? ಕನ್ನಡಿಗರು ಕಟ್ಟಿದ್ದನ್ನೆಲ್ಲ ಲೆಕ್ಕಪತ್ರದ ಒಂದು ಸಾಲಾಗಿಸಿ ಒಪ್ಪಿಸಿಬಿಡುವುದನ್ನು ನಾವು ಸುಮ್ಮನೆ ನೋಡುತ್ತಾ ಬಂದಿದ್ದೇವೆ. ನನಗೆ ಸಿಟ್ಟು ಬರುವುದು ಇದಕ್ಕೇ.

ಈಗ ನೀವು ಮಾಡಬೇಕಾದದ್ದು. 2013ರ ಕಂಪನಿ ಕಾಯ್ದೆಯಂತೆ ವಿಲೀನಕ್ಕೆ ಷೇರುದಾರರ, ಸಾಲ ಕೊಟ್ಟವರ ಸಭೆಯಲ್ಲಿ ಮೌಲ್ಯದ ಲೆಕ್ಕಕ್ಕೆ ಮುಕ್ಕಾಲು ಪಾಲು ಒಪ್ಪಿಗೆ ಬೇಕು. ನೌಕರರಿಗೆ ಮತವಿಲ್ಲ, ನಿಜ. ಆದರೆ ವಿಲೀನದ ಕರಡಿನಲ್ಲಿ ನೌಕರರ ಬಗ್ಗೆ ಸಾಮಾನ್ಯವಾಗಿ ಒಂದು ಕಲಮು ಇರುತ್ತದೆ. ಅದರ ಪ್ರತಿ ಕೇಳಿ ಪಡೆಯಿರಿ. ಈಗಿನ ಷರತ್ತಿಗಿಂತ ಕಡಿಮೆಯಿಲ್ಲದಂತೆ ನೌಕರಿ ಮುಂದುವರಿಯುತ್ತದೆ ಎಂದು ಅಲ್ಲಿ ಬರೆದಿದೆಯೇ ನೋಡಿ. ಕಾಂಟ್ರಾಕ್ಟ್ ಮೇಲಿರುವ ಆರ್‌ಜೆಗಳು, ಸೌಂಡ್ ಎಂಜಿನಿಯರುಗಳು ಆ ಮಾತಿನೊಳಗೆ ಬರುತ್ತಾರೆಯೇ ಎಂದು ಲಿಖಿತವಾಗಿಯೇ ಕೇಳಿ. ಬಹಳ ಮಂದಿ ಹೊರಗುಳಿಯುವುದು ಅಲ್ಲೇ. ಸಂಬಂಧಪಟ್ಟ ನಿಯಂತ್ರಕರಿಗೂ ನೋಟಿಸ್ ಹೋಗುತ್ತದೆ, ಅಭಿಪ್ರಾಯ ತಿಳಿಸಲು ಅವರಿಗೆ 30 ದಿನ ಇರುತ್ತದೆ. ಎಫ್‌ಎಂ ಪರವಾನಗಿ ಕೊಡುವುದು ವಾರ್ತಾ ಮತ್ತು ಪ್ರಸಾರ ಸಚಿವಾಲಯ. ಕನ್ನಡ ಕಾರ್ಯಕ್ರಮಗಳು ಎಲ್ಲಿ ತಯಾರಾಗುತ್ತವೆ, ಯಾರು ಮಾಡುತ್ತಾರೆ ಎಂಬ ಪ್ರಶ್ನೆಯನ್ನು ಅಷ್ಟರೊಳಗೆ ಅಲ್ಲಿಗೆ ಮುಟ್ಟಿಸಿ. ಒಬ್ಬರೇ ಬರೆಯಬೇಡಿ, ಹೊಂದಿಕೊಳ್ಳೋಣ ಅನ್ನುವ ಜೊತೆಯವರನ್ನೂ ಕೂರಿಸಿ ಸಹಿ ಹಾಕಿಸಿ. ಒಂದು ಪ್ರತಿ ನಮಗೂ ಕಳಿಸಿ, ಪೂರ್ತಿಯಾಗಿ ಅಚ್ಚು ಹಾಕುತ್ತೇವೆ.