ಸೋರಿದ ಮಾಹಿತಿ, ಚೇತರಿಸಿಕೊಂಡ ಷೇರು

ಮಾನ್ಯರೇ,

ಗ್ರಾಹಕರ ಮಾಹಿತಿ ಸೋರಿಕೆಯಾದ ಸುದ್ದಿ ಬಂದಾಗ ಕುಸಿಯುವ ಷೇರುಗಳು ಕೆಲಕಾಲದ ನಂತರ ಮೊದಲಿನ ಬೆಲೆಗೇ ಮರಳುತ್ತವೆ, ಹಾಗಿದ್ದರೆ ಪೇಟೆಗೆ ಇಂಥ ಲೋಪಗಳು ಲೆಕ್ಕಕ್ಕೇ ಇಲ್ಲವೇ, ಕುಸಿದಾಗ ಕೊಳ್ಳುವುದೇ ಜಾಣತನವೇ ಎಂದು ದಾವಣಗೆರೆಯಿಂದ ಕೇಳಿದ್ದೀರಿ.

ಪೇಟೆಗೆ ಅವು ಲೆಕ್ಕಕ್ಕೆ ಇವೆ. ಆದರೆ ಅದು ಅಳೆಯುವುದು ಷೇರುದಾರರ ನಷ್ಟವನ್ನು ಮಾತ್ರ. ಮಾಹಿತಿ ಕಳೆದುಕೊಂಡವರ ಸಂಕಟವು ದಂಡವಾಗಿ, ಪರಿಹಾರವಾಗಿ ಅಥವಾ ಕೈತಪ್ಪಿದ ವ್ಯಾಪಾರವಾಗಿ ಕಂಪನಿಯ ಲೆಕ್ಕಪತ್ರಕ್ಕೆ ಬರುವವರೆಗೆ ಬೆಲೆಯಲ್ಲಿ ಕಾಣಿಸದು.

ಅಮೆರಿಕದ ಈಕ್ವಿಫ್ಯಾಕ್ಸ್ ಪ್ರಕರಣವನ್ನೇ ನೋಡಿ. ಜನರ ಸಾಲದ ಇತಿಹಾಸವನ್ನು ಸಂಗ್ರಹಿಸಿ ಬ್ಯಾಂಕುಗಳಿಗೆ ಒದಗಿಸುವ ಈ ಕಂಪನಿ, ಸುಮಾರು 14.3 ಕೋಟಿ ಅಮೆರಿಕನ್ನರ ಮಾಹಿತಿ ಸೋರಿಕೆಯಾಗಿದೆಯೆಂದು 2017ರ ಸೆಪ್ಟೆಂಬರ್ 7ರಂದು ಪ್ರಕಟಿಸಿತು. ಷೇರು ಮರುದಿನ ಸುಮಾರು ಶೇ 14ರಷ್ಟು ಕುಸಿಯಿತು. ಹ್ಯಾಕರ್‌ಗಳು ಒಳನುಗ್ಗಿದ್ದು ಅಪಾಚೆ ಸ್ಟ್ರಟ್ಸ್ ಎಂಬ ಸಾಫ್ಟ್‌ವೇರ್‌ನ ಲೋಪದ ಮೂಲಕ ಎಂಬುದೂ, ಅದನ್ನು ಸರಿಪಡಿಸುವ ಪ್ಯಾಚ್ ಮಾರ್ಚ್‌ನಲ್ಲೇ ಲಭ್ಯವಿತ್ತು ಎಂಬುದೂ ಮುಂದಿನ ದಿನಗಳಲ್ಲಿ ದೃಢಪಟ್ಟವು. ಸುಮಾರು ಒಂದು ವಾರದಲ್ಲಿ ಒಟ್ಟು ಇಳಿಕೆ ಮೂರನೇ ಒಂದು ಭಾಗ ದಾಟಿತು. ಸೋರಿಕೆಯ ಜೊತೆಗೆ ಆಡಳಿತದ ಅಸಡ್ಡೆಗೂ ಹೂಡಿಕೆದಾರರು ಬೆಲೆ ಕಟ್ಟಿದರೆಂದೇ ನಾವು ಇದನ್ನು ಓದುತ್ತೇವೆ. ಮುಖ್ಯಸ್ಥರು ಆ ತಿಂಗಳೇ ಹುದ್ದೆ ತೊರೆದರು. ಸುದ್ದಿ ಹೊರಬೀಳುವ ಮೊದಲೇ ತಮ್ಮ ಷೇರು ಮಾರಿಕೊಂಡಿದ್ದ ಒಬ್ಬ ಅಧಿಕಾರಿ ಮುಂದೆ ಜೈಲು ಶಿಕ್ಷೆಗೆ ಗುರಿಯಾದರು.

2019ರಲ್ಲಿ ಕಂಪನಿ ದಂಡ ಮತ್ತು ಪರಿಹಾರವಾಗಿ 70 ಕೋಟಿ ಡಾಲರ್‌ವರೆಗೆ ಕೊಡುವ ಒಪ್ಪಂದಕ್ಕೆ ಸರ್ಕಾರಿ ಸಂಸ್ಥೆಗಳೊಂದಿಗೆ ಬಂದಿತು. ಷೇರೂ ಆ ಹೊತ್ತಿಗೆ ಹಳೆಯ ಮಟ್ಟದ ಆಸುಪಾಸಿಗೆ ಬಂದಿತ್ತು. ಕಾರಣ ಸರಳ: ಮಾಹಿತಿ ಕಳೆದುಕೊಂಡವರು ಈಕ್ವಿಫ್ಯಾಕ್ಸ್‌ನ ಮುಖ್ಯ ಗ್ರಾಹಕರಾಗಿರಲಿಲ್ಲ, ಹಣ ಕೊಡುವ ಬ್ಯಾಂಕುಗಳು ಅದನ್ನು ಬಿಟ್ಟುಹೋಗಲಿಲ್ಲ. ಸೋರಿದ ಸಾಮಾಜಿಕ ಭದ್ರತಾ ಸಂಖ್ಯೆಯನ್ನು, ಅಂದರೆ ಅಮೆರಿಕನ್ನರ ಗುರುತಿನ ಸಂಖ್ಯೆಯನ್ನು, ಪಾಸ್‌ವರ್ಡಿನಂತೆ ಬದಲಿಸಲಾಗದ ಆ ಕೋಟ್ಯಂತರ ಜನರ ಪಾಲಿಗೆ ಅಂಥ ಚೇತರಿಕೆ ಬರಲಿಲ್ಲ. ಇದು ನ್ಯಾಯವಲ್ಲವೆಂದು ಸ್ಪಷ್ಟವಾಗಿ ಹೇಳಬಯಸುತ್ತೇವೆ.

ಸೋರಿಕೆ ನಡೆಯದೆಯೂ ಬೆಲೆ ಅಲುಗಾಡಬಹುದು. 2016ರ ಆಗಸ್ಟ್‌ನಲ್ಲಿ ಮಡ್ಡಿ ವಾಟರ್ಸ್ ಎಂಬ ಹೂಡಿಕೆ ಸಂಸ್ಥೆಯು ಸೇಂಟ್ ಜೂಡ್ ಮೆಡಿಕಲ್ ಕಂಪನಿಯ ಹೃದಯ ಸಾಧನಗಳಲ್ಲಿ ಭದ್ರತಾ ಲೋಪಗಳಿವೆಯೆಂದು ಪ್ರಕಟಿಸಿತು. ಷೇರು ಇಳಿದರೆ ಲಾಭ ಬರುವಂತೆ ಶಾರ್ಟ್ ಸೆಲ್ಲಿಂಗ್ ಮಾಡಿದ್ದೂ ಅದೇ ಸಂಸ್ಥೆ. ಷೇರು ಅಂದೇ ಸುಮಾರು ಶೇ 5ರಷ್ಟು ಇಳಿಯಿತು. ಲೋಪಗಳಿದ್ದುದನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ನಂತರ ದೃಢಪಡಿಸಿತು ನಿಜ. ಆದರೂ ರೋಗಿಗಳ ಎದೆಯೊಳಗಿನ ಸಾಧನದ ದೋಷವನ್ನು, ಅದು ದುರಸ್ತಿಯಾಗುವ ಮೊದಲೇ, ಲಾಭದ ಸರಕಾಗಿಸಿದ್ದನ್ನು ನಾವು ಒಪ್ಪಲಾರೆವು.

ಇನ್ನು ಕೊಳ್ಳುವ ಪ್ರಶ್ನೆ. ನಂಬಿಕೆಯನ್ನೇ ಮಾರುವ ಕಂಪನಿ ಬೇರೆ, ಸೋರಿಕೆಯ ನಂತರವೂ ಗ್ರಾಹಕರು ಬಿಡಲಾಗದ ಕಂಪನಿ ಬೇರೆ. ಹಿಂದಿನ ಚೇತರಿಕೆಗಳನ್ನು ನಂಬಿ ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಅಮೆರಿಕದಲ್ಲಿ 2023ರ ಡಿಸೆಂಬರ್‌ನಿಂದ, ಸೈಬರ್ ಘಟನೆ ಹೂಡಿಕೆದಾರರಿಗೆ ಮಹತ್ವದ್ದೆಂದು ಕಂಪನಿ ನಿರ್ಧರಿಸಿದ ನಾಲ್ಕು ಕೆಲಸದ ದಿನಗಳೊಳಗೆ ಅದನ್ನು ಬಹಿರಂಗಪಡಿಸಬೇಕು. ನಮ್ಮಲ್ಲಿ ಷೇರುಪೇಟೆಯ ನಿಯಂತ್ರಕ ಸೆಬಿ ಅದೇ ವರ್ಷ ತಂದ ತಿದ್ದುಪಡಿಯಂತೆ ತ್ರೈಮಾಸಿಕ ಕಾರ್ಪೊರೇಟ್ ಆಡಳಿತ ವರದಿಯಲ್ಲಿ ಇಂಥ ಘಟನೆಗಳ ವಿವರ ಇರಬೇಕು. ಷೇರು ಕೊಳ್ಳುವ ಮೊದಲು ಆ ವರದಿಯನ್ನು ತೆರೆದು, ಲೋಪ ಕಂಪನಿಗೆ ಯಾವಾಗ ತಿಳಿಯಿತು, ನಂತರ ಏನು ಮಾಡಿತು ಎಂಬುದಕ್ಕೆ ಉತ್ತರವಿದೆಯೇ ನೋಡಿ.

– ಸಂಪಾದಕ