ಮೊದಲ ಸ್ಕೇಲ್ ಮಾಡೆಲ್‌ಗೆ ಪ್ರೈಮರ್, ಬಣ್ಣ, ವೆದರಿಂಗ್ (ಬಳಸಿ ಸವೆದಂತೆ ಕಾಣಿಸುವುದು) ಮಾಡಲು ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಶ್ ಬೇಕೇ ಬೇಕಾ?

ಬೇಡ. ನಾನೂ ಶುರುವಿನಲ್ಲಿ ಇದೇ ಪ್ರಶ್ನೆ ಹಿಡಿದುಕೊಂಡು ಸಿಕ್ಕವರನ್ನೆಲ್ಲ ಕೇಳಿದ್ದೆ. ಕೊನೆಗೆ ನನ್ನ ಮಾಡೆಲ್ ಕೆಟ್ಟಿದ್ದಕ್ಕೂ ಬ್ರಶ್‌ಗೂ ಸಂಬಂಧವೇ ಇರಲಿಲ್ಲ. ಕೆಡಿಸಿದ್ದು ಥಿನ್ನರ್, ಅಂದರೆ ಬಣ್ಣ ಕರಗಿಸುವ ಟರ್ಪೆಂಟೈನ್.

ಎರಡನೇ ಮಹಾಯುದ್ಧದ ಬ್ರಿಟಿಷ್ ಯುದ್ಧವಿಮಾನ ಸ್ಪಿಟ್‌ಫೈರ್‌ನ 1/72 ಅಳತೆಯ ಮಾಡೆಲ್ ಅದು. ಮೊದಲು ಸೋಪು ನೀರಲ್ಲಿ ತೊಳೆದೆ. ಅಚ್ಚಿನಿಂದ ಬಂದ ಜಿಡ್ಡು ಉಳಿದಿದ್ದರೆ ಬಣ್ಣ ಹಿಡಿಯುವುದಿಲ್ಲ. ಆಮೇಲೆ ಬೂದು ಪ್ರೈಮರ್, ಸ್ಪ್ರೇ ಕ್ಯಾನ್‌ನಲ್ಲಿ, 20-25 ಸೆಂ.ಮೀ. ದೂರದಿಂದ, ತೆಳ್ಳಗೆ. ಪ್ರೈಮರ್ ಬಣ್ಣ ಹಿಡಿಸುತ್ತದೆ, ಜೊತೆಗೆ ನಿಮ್ಮ ಮೇಲೆ ಚಾಡಿಯನ್ನೂ ಹೇಳುತ್ತದೆ: ಮುಚ್ಚದೆ ಬಿಟ್ಟ ಸಂದು, ಉಜ್ಜಿದ ಗೀರು, ಅಂಟು ಮೆತ್ತಿದ ಬೆರಳಚ್ಚು ಎಲ್ಲ ಎದ್ದು ಕಾಣುತ್ತವೆ. ಅವನ್ನು ಪುಟ್ಟಿ ಹಾಕಿ ಸರಿ ಮಾಡಿ, ಬ್ರಶ್‌ನಲ್ಲೇ ಎನಾಮಲ್ ಬಣ್ಣ ಬಳಿದೆ. ಹಸಿರು, ಕಂದು ಪಟ್ಟೆ. ಚೆನ್ನಾಗಿಯೇ ಬಂದಿತ್ತು.

ಆಮೇಲೆ ವಿಮಾನದ ತಗಡುಗಳು ಕೂಡುವ ಪ್ಯಾನೆಲ್ ಗೆರೆಗಳು ಎದ್ದು ಕಾಣಲಿ ಅಂತ ಅವಕ್ಕೆ ಕಪ್ಪುಗಂದು ಎನಾಮಲ್ ವಾಶ್ (ತುಂಬ ನೀರಾಗಿಸಿದ ಬಣ್ಣ) ಬಿಟ್ಟೆ. ಸ್ವಲ್ಪ ಒಣಗಲು ಬಿಟ್ಟು, ಟರ್ಪೆಂಟೈನ್‌ನಲ್ಲಿ ಅದ್ದಿದ ಇಯರ್‌ಬಡ್‌ನಿಂದ ಒರೆಸತೊಡಗಿದೆ. ಮೊದಲ ಬಡ್ ಕಂದಾಯಿತು. ಎರಡನೆಯದರ ತುದಿ ಹಸಿರಾಗಿತ್ತು. ವಾಶ್‌ನದೇ ಕೊಳೆ ಅಂದುಕೊಂಡು ಇನ್ನೂ ಉಜ್ಜಿದೆ. ರೆಕ್ಕೆಯ ಮೇಲೆ ಬೂದು ಪ್ರೈಮರ್ ಇಣುಕಿತು. ಅದನ್ನು ಸಮ ಮಾಡಲು ಹೋಗಿ ಪಕ್ಕದ ಡೆಕಾಲ್‌ನ (ಅಂಟಿಸುವ ಗುರುತು ಚಿತ್ರ) ಅಂಚೂ ಎದ್ದಿತು.

ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ಉಳಿದಿದ್ದೆಲ್ಲ ತಿದ್ದಬಹುದು, ಇದು ಕಷ್ಟ. ಎನಾಮಲ್ ಬಣ್ಣ ಕರಗುವುದೂ ಟರ್ಪೆಂಟೈನ್‌ನಲ್ಲೇ, ವಾಶ್ ಕರಗುವುದೂ ಅದರಲ್ಲೇ. ಮುಟ್ಟಿದರೆ ಒಣಗಿದಂತೆ ಕಂಡರೂ ಎನಾಮಲ್ ಒಳಗೆ ಗಟ್ಟಿಯಾಗಲು ಬಹಳ ದಿನ ಬೇಕು. ಮಧ್ಯೆ ತಡೆಯೇ ಇಲ್ಲದಿದ್ದರೆ ಬಡ್‌ಗೆ ವಾಶ್ ಯಾವುದು, ಬಣ್ಣ ಯಾವುದು ಅಂತ ಏನು ಗೊತ್ತು? ನೀರಿನ ಅಕ್ರಿಲಿಕ್ ಪೂರ್ತಿ ಒಣಗಿದ ಮೇಲೆ ಟರ್ಪೆಂಟೈನ್‌ಗೆ ಜಗ್ಗುವುದಿಲ್ಲ. ಹಾಗಾಗಿ ಕೆಳಗೆ ಅಕ್ರಿಲಿಕ್ ಬಣ್ಣ, ಅದರ ಮೇಲೆ ಹೊಳಪಿನ (ಗ್ಲಾಸ್) ಅಕ್ರಿಲಿಕ್ ವಾರ್ನಿಶ್, ಆಮೇಲೆ ಎನಾಮಲ್ ಅಥವಾ ಆಯಿಲ್ ವಾಶ್. ಹೊಳಪಿನ ಪದರ ನುಣ್ಣಗಿರುವುದರಿಂದ ವಾಶ್ ಗೆರೆಯೊಳಗೆ ತಾನೇ ಹರಿಯುತ್ತದೆ. ಹೊಳಪಿಲ್ಲದ ಮ್ಯಾಟ್ ಬಣ್ಣದ ಮೇಲಾದರೆ ಹೀರಿಕೊಂಡು ಕಲೆಯಾಗುತ್ತದೆ. ಡೆಕಾಲ್ ಅಂಟಿಸುವುದೂ ಹೊಳಪಿನ ಪದರದ ಮೇಲೆಯೇ, ಒರಟು ಮೈಯಾದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಮಿಂಚುತ್ತದೆ. ಇಷ್ಟನ್ನೂ ಮೊದಲು ಒಂದು ಪ್ಲಾಸ್ಟಿಕ್ ಚಮಚದ ಮೇಲೆ ಮಾಡಿ ನೋಡಿ.

ಬ್ರಶ್ ಬಗ್ಗೆ ಹೇಳುವುದು ಜಾಸ್ತಿ ಇಲ್ಲ. ಅಗಲವಾದ ಮೆತ್ತನೆಯ ಬ್ರಶ್, ತೆಳು ಮಾಡಿದ ಬಣ್ಣ, ಎರಡು ಮೂರು ಕೋಟ್. ಅರ್ಧ ಒಣಗಿದ ಜಾಗಕ್ಕೆ ಮತ್ತೆ ಬ್ರಶ್ ಒಯ್ಯಬೇಡಿ. ಸ್ಪ್ರೇ ಹೊಡೆಯುವಾಗ ಕಿಟಕಿ ತೆಗೆದಿಡಿ, ಮಾಸ್ಕ್ ಹಾಕಿ, ಮಳೆ ಹಿಡಿದ ದಿನ ಹೊಡೆಯಲೇಬೇಡಿ.

ವೆದರಿಂಗ್ ವಿಷಯದಲ್ಲಿ ನನ್ನದು ಹಟದ ಅಭಿಪ್ರಾಯ: ಮೊದಲ ಮಾಡೆಲ್‌ಗೆ ಅರ್ಧ ಸಾಕು. ಬಣ್ಣ ಸವೆದು ಲೋಹ ಕಾಣುವಂತೆ ತೋರಿಸಲು ಸಿಕ್ಕಸಿಕ್ಕಲ್ಲಿ ಬೆಳ್ಳಿ ಬಣ್ಣದ ಚುಕ್ಕಿ ಇಡುವವರೇ ಜಾಸ್ತಿ. ಯುದ್ಧಕಾಲದ ಹೆಚ್ಚಿನ ಸ್ಪಿಟ್‌ಫೈರ್‌ಗಳ ರಡ್ಡರ್‌ಗೆ (ಬಾಲದಲ್ಲಿ ತಿರುಗುವ ಚುಕ್ಕಾಣಿ) ಬಟ್ಟೆ ಹೊದಿಸುತ್ತಿದ್ದರು. ಬಟ್ಟೆ ಸವೆದರೆ ಲೋಹ ಎಲ್ಲಿಂದ ಬರಬೇಕು? ಹಳೆ ಫೋಟೋ ನೋಡಿ. ಪೈಲಟ್ ಹತ್ತುತ್ತಿದ್ದ ಎಡರೆಕ್ಕೆಯ ಬುಡದಲ್ಲಿ ಸವೆತ, ಎಕ್ಸಾಸ್ಟ್ ಹಿಂದೆ ಮಸಿ, ಅಷ್ಟೇ. ಸವೆತಕ್ಕೆ ಹರಿದ ಸ್ಪಾಂಜಿನ ತುಣುಕು ಸಾಕು. ಬಣ್ಣದಲ್ಲಿ ಅದ್ದಿ, ಮುಕ್ಕಾಲು ಪಾಲು ಕಾಗದದ ಮೇಲೆ ಒತ್ತಿ ತೆಗೆದು, ಉಳಿದದ್ದನ್ನು ಮೆಲ್ಲಗೆ ತಾಗಿಸಿ.

ಎಲ್ಲ ಆದ ಮೇಲೆ ಮ್ಯಾಟ್ ವಾರ್ನಿಶ್. ಬಣ್ಣ ತಾಗದಿರಲಿ ಅಂತ ಕಾಕ್‌ಪಿಟ್ ಗಾಜಿಗೆ ಅಂಟಿಸಿದ ಮಾಸ್ಕಿಂಗ್ ಟೇಪನ್ನು ಅದಕ್ಕೂ ಮುಂಚೆ ಕಿತ್ತರೆ ಗಾಜು ಮಂಜಾಗುತ್ತದೆ, ಅಲ್ಲಿವರೆಗೆ ಸುಮ್ನೆ ಬಿಟ್ಟಿರಿ.